ಹಿನ್ನೀರಿನ ಲಾಂಚು ಹೊತ್ತ ಭಾರ

ಗೊಬ್ಬರದ ಚೀಲ ತುಂಬಿದ ಗೂಡ್ಸ್ ಗಾಡಿಯನ್ನು ಲಾಂಚಿಗೆ ಹತ್ತಿಸುವುದನ್ನು ನಿಂತು ನೋಡಬೇಕು. ಮುಂದಿನ ಗಾಲಿ ಹಲಗೆ ಏರುತ್ತಲೇ ಲಾಂಚು ಆ ಕಡೆ ತುಸು ಬಾಗುತ್ತದೆ. ಸಿಬ್ಬಂದಿ ಚಾಲಕನ ಮುಖ ನೋಡುವುದಿಲ್ಲ; ಅವರ ಕಣ್ಣೆಲ್ಲ ಗಾಲಿಯ ಮೇಲೆ. ‘ಬರ್ಲಿ, ಬರ್ಲಿ, ಎಡಕ್ಕೆ ಹೊಡೀರಿ, ಸಾಕು’. ಭಾರದ ಗಾಡಿ ನಡುವೆ, ಕಾರುಗಳು ಅಕ್ಕಪಕ್ಕ, ಬೈಕುಗಳು ಉಳಿದ ಸಂದಿಯಲ್ಲಿ. ಒಂದು ಬದಿಗೆ ಭಾರ ಹೆಚ್ಚಾಯಿತೆನಿಸಿದರೆ ನಿಂತ ಕಾರನ್ನೂ ಮತ್ತೆ ಸರಿಸುತ್ತಾರೆ. ಯಾವ ತೂಕದ ಯಂತ್ರವೂ ಇಲ್ಲ. ಲಾಂಚು ಎಷ್ಟು ಮುಳುಗಿದೆ ಎಂದು ಅಂಚಿನ ನೀರು ನೋಡಿಯೇ ಹೇಳಬಲ್ಲರು.

ಈ ಕಣ್ಣಳತೆ ಮುಳುಗಡೆಯ ನಾಡಿನಲ್ಲಿ ಕಲಿತ ವಿದ್ಯೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿತು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟು ದ್ವೀಪದಂತಾದವು. ಸಾಗರಕ್ಕೆ ಬರಲು ಕೋಗಾರು, ಕಾರ್ಗಲ್ ಸುತ್ತಬೇಕಿತ್ತು, ಇಲ್ಲವೇ ಹೊಳೆ ದಾಟಬೇಕಿತ್ತು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚುಗಳು ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆಯಲ್ಲಿ ಈ ಕೆಲಸಕ್ಕೆ ನಿಂತವು. ಆ ದ್ವೀಪದ ಊರು ತುಮರಿಯ ಅಡಿಕೆ ಪೇಟೆಗೆ ಹೋದದ್ದು, ಗ್ಯಾಸ್ ಸಿಲಿಂಡರು, ಸಿಮೆಂಟು, ಪಡಿತರದ ಅಕ್ಕಿ ಬಂದದ್ದು ಈ ನೀರಿನ ಮೇಲೆಯೇ.

ನೀರಿನ ಮೇಲೆ ಸರಕು ಸಾಗಿಸುವುದು ಶರಾವತಿಗೆ ಹೊಸದಲ್ಲ. ಘಟ್ಟದ ಕೆಳಗಿನ ಗೇರುಸೊಪ್ಪೆಯಿಂದ ಕಾಳುಮೆಣಸು ದೋಣಿಯಲ್ಲಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಆ ವ್ಯಾಪಾರದಿಂದಲೇ.

ಇಂದಿಗೂ ಇದರಲ್ಲಿ ಲಾಭವಿದೆ. ದೇಶದ ಜಲಸಾರಿಗೆಯ ಚರ್ಚೆಯಲ್ಲಿ ಮತ್ತೆಮತ್ತೆ ಬರುವ ಲೆಕ್ಕ ಇದು: ಒಂದು ಲೀಟರ್ ಇಂಧನ ಒಂದು ಟನ್ ಸರಕನ್ನು ರಸ್ತೆಯಲ್ಲಿ 24 ಕಿಲೋಮೀಟರ್ ಒಯ್ದರೆ, ನೀರಿನಲ್ಲಿ 105 ಕಿಲೋಮೀಟರ್ ಒಯ್ಯುತ್ತದೆ. ಲಾಂಚಿನ ದಾರಿ ಚಿಕ್ಕದು, ಆ ಉಳಿತಾಯವೆಲ್ಲ ಇಲ್ಲಿ ಸಿಗಲಾರದು. ಆದರೂ ಸುತ್ತುದಾರಿಯ ಡೀಸೆಲ್ ಉಳಿಯುತ್ತಿತ್ತು. ರಸ್ತೆಗೆಂದು ಕಾಡು ಕಡಿಯಬೇಕಿರಲಿಲ್ಲ.

ಕಷ್ಟಗಳೂ ಸಣ್ಣವಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ದಡ ದೂರ ಸರಿಯುತ್ತದೆ, ಮುಳುಗಿದ ಮರಗಳ ಬೊಡ್ಡೆಗಳು ತಲೆಯೆತ್ತುತ್ತವೆ. ಮಳೆ ತಡವಾದ 2023ರಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಕತ್ತಲಾದ ಮೇಲೆ ಲಾಂಚಿರಲಿಲ್ಲ. ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ ಆ ರಾತ್ರಿಗಳು ಬಹಳ ಉದ್ದ. ಹಾಗಾಗಿ ಸೇತುವೆಗಾಗಿ ಇಲ್ಲಿನ ಜನ ದಶಕಗಳ ಕಾಲ ಹೋರಾಡಿದ್ದು ನ್ಯಾಯವೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾಯಿತು. ಹಸಿರುಮಕ್ಕಿಯಲ್ಲೂ ಸೇತುವೆ ಕಾಮಗಾರಿ ಶುರುವಾಗಿ ವರ್ಷಗಳಾದವು.

ಸೇತುವೆ ಬೇಡವೆನ್ನುವ ಮನಸ್ಸು ನನ್ನದಲ್ಲ. ಆದರೆ ಹಿನ್ನೀರು ಈ ಒಂದೆರಡು ಕಡವುಗಳಿಗೆ ಮುಗಿಯುವುದಿಲ್ಲ. ದಡದುದ್ದಕ್ಕೂ ಅಡಿಕೆ ತೋಟಗಳಿವೆ, ಮಳೆಗಾಲದಲ್ಲಿ ಕೆಸರಾಗುವ ದಾರಿಗಳಿವೆ. ಮಳೆ ತುಂಬಿದ ತಿಂಗಳುಗಳಲ್ಲಾದರೂ ಅಲ್ಲಿಂದ ಪೇಟೆಯತ್ತ ಸರಕು ಒಯ್ಯಲು ಒಂದೆರಡು ಲಾಂಚು ಉಳಿಸಿಕೊಳ್ಳಬಾರದೇ? ಹಳೆಯದಾದ ಲಾಂಚಿನ ಬದಲು ಹೊಸದನ್ನು ಕಟ್ಟಿಸಬಹುದು. ಅಂಚಿನ ನೀರು ನೋಡಿ ಭಾರ ಹೇಳುವವರು ನಿವೃತ್ತರಾದರೆ, ಆ ಕಣ್ಣನ್ನು ಯಾವ ಟೆಂಡರು ಕರೆದು ತರುವುದು?