ನಿಮಗಿದು ಗೊತ್ತೇ? ಜೂಲಿಯೆಟ್ ಆಕಾಶದಲ್ಲಿದ್ದಾಳೆ, ರೋಮಿಯೋ ಇಲ್ಲ!

ಗುರು, ಶನಿ ಗ್ರಹಗಳ ಚಂದ್ರರಿಗೆ ಪುರಾಣದ ಹೆಸರು. ಯುರೇನಸ್ಸಿನ ಸಂಪ್ರದಾಯವೇ ಬೇರೆ! ಅದರ ಚಂದ್ರರು ಹೆಸರು ಪಡೆದಿರುವುದು ಷೇಕ್ಸ್‌ಪಿಯರ್‌ನ ನಾಟಕಗಳಿಂದ ಮತ್ತು ಅಲೆಕ್ಸಾಂಡರ್ ಪೋಪ್‌ನ ಒಂದು ಕಾವ್ಯದಿಂದ. ಟೈಟಾನಿಯಾ, ಒಬೆರಾನ್, ಒಫೀಲಿಯಾ, ಡೆಸ್ಡೆಮೋನಾ, ಪೋರ್ಷಿಯಾ... ಹೀಗೆ 25ಕ್ಕೂ ಹೆಚ್ಚು ಪಾತ್ರಗಳು ಅಲ್ಲಿ ಸುತ್ತುತ್ತಿವೆ!

ಅತಿ ಹೆಚ್ಚು ಹೆಸರು ಹೋಗಿರುವುದು ಯಾವ ನಾಟಕದಿಂದ ಗೊತ್ತೇ? ‘ದಿ ಟೆಂಪೆಸ್ಟ್’ನಿಂದ. ಕುವೆಂಪು ಅವರು ‘ಬಿರುಗಾಳಿ’ ಎಂದು ಕನ್ನಡಕ್ಕೆ ಒಗ್ಗಿಸಿದರಲ್ಲ, ಅದೇ ನಾಟಕ! ಮಿರಾಂಡಾ, ಪ್ರಾಸ್ಪೆರೋ, ಕ್ಯಾಲಿಬನ್ ಎಲ್ಲರೂ ಅಲ್ಲಿದ್ದಾರೆ. ಜೂಲಿಯೆಟ್ ಕೂಡ ಇದ್ದಾಳೆ. ಆದರೆ ಪಾಪ, ರೋಮಿಯೋ ಹೆಸರಿನ ಚಂದ್ರನೇ ಇಲ್ಲ!

ವಿಲಿಯಂ ಹರ್ಷೆಲ್ ಈ ಗ್ರಹವನ್ನು ಕಂಡದ್ದು 1781ರಲ್ಲಿ. ಅಷ್ಟು ಹೊತ್ತಿಗೆ ಷೇಕ್ಸ್‌ಪಿಯರ್ ತೀರಿಕೊಂಡು 165 ವರ್ಷ! ತಾನು ಕೇಳಿಯೂ ಇರದ ಗ್ರಹದ ಸುತ್ತ ಅವನ ಪಾತ್ರಗಳು ತಿರುಗುತ್ತಿವೆ. ಚಂದ್ರರಿಗೆ ಇಂಥ ಹೆಸರಿಡುವ ಸೊಗಸಾದ ಆಲೋಚನೆ ಹರ್ಷೆಲ್‌ನ ಮಗ ಜಾನ್‌ನದು.

ಈಗ ಮಂಗಳಕ್ಕೆ ಬನ್ನಿ. ಇದಂತೂ ಮೈ ಜುಮ್ಮೆನ್ನಿಸುವ ಕಥೆ. ಜೊನಾಥನ್ ಸ್ವಿಫ್ಟ್‌ನ ‘ಗಲಿವರನ ಪ್ರವಾಸಗಳು’ ಪ್ರಕಟವಾದದ್ದು 1726ರಲ್ಲಿ. ಅದರಲ್ಲಿ ಗಾಳಿಯಲ್ಲಿ ತೇಲುವ ಲಪೂಟಾ ಎಂಬ ದ್ವೀಪವಿದೆ. ಮಂಗಳಕ್ಕೆ ಎರಡು ಪುಟ್ಟ ಚಂದ್ರರಿದ್ದಾರೆ ಎನ್ನುತ್ತಾರೆ ಅಲ್ಲಿನ ಖಗೋಳಜ್ಞರು. ಆಗ ಭೂಮಿಯ ಮೇಲೆ ಯಾರೂ ಅವನ್ನು ಕಂಡಿರಲಿಲ್ಲ. ಅಮೆರಿಕದ ಆಸಫ್ ಹಾಲ್ ಅವನ್ನು ಪತ್ತೆ ಮಾಡಿದ್ದು 1877ರಲ್ಲಿ. ಎಷ್ಟು ಸಿಕ್ಕವು ಹೇಳಿ? ಸರಿಯಾಗಿ ಎರಡು, ಫೋಬೋಸ್ ಮತ್ತು ಡೀಮೋಸ್!

ಇನ್ನೂ ಇದೆ, ಕೇಳಿ. ಒಳಗಿನ ಚಂದ್ರ 10 ಗಂಟೆಗೊಂದು ಸುತ್ತು ಹಾಕುತ್ತದೆ ಎಂದು ಸ್ವಿಫ್ಟ್ ಬರೆದಿದ್ದ. ನಿಜವಾದ ಲೆಕ್ಕ ಏಳೂಮುಕ್ಕಾಲು ಗಂಟೆಗೆ ತುಸು ಕಡಿಮೆ. ಮಂಗಳ ತನ್ನ ಸುತ್ತ ತಾನು ಒಮ್ಮೆ ತಿರುಗುವುದಕ್ಕಿಂತ ಮೊದಲೇ ಆ ಚಂದ್ರ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ಅಲ್ಲಿ ನಿಂತು ನೋಡಿದರೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ! ಸ್ವಿಫ್ಟ್ ಕಲ್ಪಿಸಿದ ಚಂದ್ರನೂ ಹಾಗೆಯೇ ಮಾಡಬೇಕಾಗುತ್ತಿತ್ತು.

ಅವನಿಗೆ ಇದು ಹೇಗೆ ಹೊಳೆಯಿತು? ಭೂಮಿಗೆ ಒಂದು, ಗುರುವಿಗೆ ನಾಲ್ಕು, ಹಾಗಾದರೆ ನಡುವಿನ ಮಂಗಳಕ್ಕೆ ಎರಡಿರಬೇಕು ಎಂದು ಕೆಪ್ಲರ್ ಮೊದಲೇ ಊಹಿಸಿದ್ದ. ಸ್ವಿಫ್ಟ್ ಅದನ್ನೇ ಹಿಡಿದಿರಬಹುದು. ಏನೇ ಇರಲಿ, ಇಂದು ಡೀಮೋಸ್ ಚಂದ್ರನ ಮೇಲಿನ ಒಂದು ಕುಳಿಗೆ ಸ್ವಿಫ್ಟ್ ಎಂದೇ ಹೆಸರು. ಫೋಬೋಸ್ ಮೇಲೆ ಗಲಿವರ್ ಎಂಬ ಕುಳಿಯೂ ಇದೆ, ಲಪೂಟಾ ಎಂಬ ಪ್ರದೇಶವೂ ಇದೆ!

ಈ ಫೋಬೋಸ್, ಡೀಮೋಸ್ ಹೆಸರುಗಳನ್ನು ಸೂಚಿಸಿದವನು ಈಟನ್ ಶಾಲೆಯ ಮೇಷ್ಟ್ರು ಹೆನ್ರಿ ಮ್ಯಾಡನ್. 1930ರಲ್ಲಿ ಪ್ಲೂಟೋ ಪತ್ತೆಯಾದಾಗ ಅದಕ್ಕೆ ಹೆಸರು ಸೂಚಿಸಿದವಳು ಆಕ್ಸ್‌ಫರ್ಡಿನ 11 ವರ್ಷದ ಹುಡುಗಿ ವೆನೆಷಿಯಾ ಬರ್ನಿ. ಇವಳು ಯಾರು ಅಂದುಕೊಂಡಿರಿ? ಅದೇ ಮ್ಯಾಡನ್ನನ ಅಣ್ಣತಮ್ಮಂದಿರಲ್ಲಿ ಒಬ್ಬನ ಮೊಮ್ಮಗಳು! ಒಂದೇ ಮನೆತನ, ಮೂರು ಆಕಾಶಕಾಯಗಳ ನಾಮಕರಣ!

ಮತ್ತೆ ಷೇಕ್ಸ್‌ಪಿಯರ್‌ಗೆ ಬನ್ನಿ. ಅವನ ನಾಟಕದ ಜೂಲಿಯಸ್ ಸೀಸರ್ ತಾನು ಧ್ರುವ ನಕ್ಷತ್ರದಷ್ಟು ಅಚಲ ಎಂದು ಹೇಳಿಕೊಳ್ಳುತ್ತಾನೆ. ಆದರೆ ನಿಜವಾದ ಸೀಸರನ ಕಾಲದಲ್ಲಿ ಇಂದಿನ ಧ್ರುವ ನಕ್ಷತ್ರ ಉತ್ತರ ಧ್ರುವಬಿಂದುವಿನಿಂದ ಸುಮಾರು 12 ಡಿಗ್ರಿ ದೂರವಿತ್ತು! ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ನಿಧಾನಕ್ಕೆ ತೊನೆಯುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಸೀಸರ್ ನೋಡಿದ ಆಕಾಶದಲ್ಲಿ ಆ ನಕ್ಷತ್ರವೂ ಉಳಿದವುಗಳಂತೆ ಸುತ್ತುತ್ತಲೇ ಇತ್ತು!

ಇಂಗ್ಲಿಷ್ ಕಾವ್ಯದ ಪಿತಾಮಹ ಎನಿಸಿಕೊಂಡ ಚಾಸರ್ ಖಗೋಳ ಉಪಕರಣಕ್ಕೊಂದು ಕೈಪಿಡಿಯನ್ನೂ ಬರೆದಿದ್ದ! ಆಸ್ಟ್ರೋಲೇಬ್ ಬಳಸುವುದು ಹೇಗೆಂದು 1391ರ ಸುಮಾರಿಗೆ ಅವನು ವಿವರಿಸಿದ್ದು ತನ್ನ ಹತ್ತು ವರ್ಷದ ಮಗ, ಪುಟ್ಟ ಲೂಯಿಸನಿಗೆ. ಹುಡುಗನಿಗೆ ಲ್ಯಾಟಿನ್ ಅಷ್ಟಾಗಿ ಬಾರದು, ಅದಕ್ಕೇ ಇಂಗ್ಲಿಷಿನಲ್ಲಿ ಬರೆದ!

ಯುವಕ ಮಿಲ್ಟನ್ ಇಟಲಿಗೆ ಹೋಗಿ, ಗೃಹಬಂಧನದಲ್ಲಿದ್ದ ಮುದುಕ ಗೆಲಿಲಿಯೋನನ್ನು ಕಂಡು ಬಂದಿದ್ದ. ಮುಂದೆ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ತನ್ನ ಕಾಲದವರ ಪೈಕಿ ಅವನು ಹೆಸರಿಸಿದ್ದು ಗೆಲಿಲಿಯೋ ಒಬ್ಬನನ್ನೇ! ಇಬ್ಬರೂ ಕೊನೆಗಾಲದಲ್ಲಿ ಕುರುಡರಾಗಿದ್ದರು. ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಕೋಲರಿಜ್‌ನ ನಾವಿಕನ ಕವಿತೆಯಲ್ಲಿ ಎಳೆ ಚಂದ್ರನ ಎರಡು ಕೊಂಬುಗಳ ನಡುವೆ ಒಂದು ನಕ್ಷತ್ರ ಹೊಳೆಯುತ್ತದೆ. ಆಗುವ ಮಾತೇ? ಅಲ್ಲಿರುವುದು ಚಂದ್ರನ ಕತ್ತಲ ಭಾಗ, ಹಿಂದಿನದೆಲ್ಲ ಮರೆ! ಆದರೂ ಚಿತ್ರ ಮಾತ್ರ ಬಲು ಚೆನ್ನ.

ನಮ್ಮ ಮಕ್ಕಳೆಲ್ಲ ಹಾಡುವ ‘ಟ್ವಿಂಕಲ್ ಟ್ವಿಂಕಲ್’ 1806ರಲ್ಲಿ ಪ್ರಕಟವಾಯಿತು. ಬರೆದವಳು ಜೇನ್ ಟೇಲರ್. ಅದರಲ್ಲಿ ಐದು ಪದ್ಯಗಳಿವೆ, ನಾವು ಹಾಡುವುದು ಒಂದನ್ನೇ!

ರಾತ್ರಿ ಆಕಾಶ ಕಪ್ಪಗಿರುವುದೇಕೆ? ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ. ಬಹುದೂರದ ನಕ್ಷತ್ರಗಳ ಬೆಳಕು ಇನ್ನೂ ನಮ್ಮನ್ನು ತಲುಪಿಲ್ಲ ಎಂದು 1848ರಲ್ಲೇ ಬರೆದವನು ಭಯಾನಕ ಕಥೆಗಳ ಎಡ್ಗರ್ ಅಲನ್ ಪೋ! ಇಂದಿನ ವಿಜ್ಞಾನದ ಉತ್ತರವೂ ಹೆಚ್ಚುಕಡಿಮೆ ಅದೇ.

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದೇ ಷರ್ಲಾಕ್ ಹೋಮ್ಸ್‌ಗೆ ಗೊತ್ತಿರಲಿಲ್ಲ! ಮೊದಲ ಕಾದಂಬರಿಯಲ್ಲೇ ಇದನ್ನು ಕೇಳಿ ವಾಟ್ಸನ್ ದಂಗಾಗುತ್ತಾನೆ. ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿಯಾದರೋ ಕ್ಷುದ್ರಗ್ರಹದ ಚಲನೆ ಕುರಿತೇ ಗ್ರಂಥ ಬರೆದವನು. ಈಗ ಆಕಾಶದಲ್ಲಿ ಇಬ್ಬರ ಹೆಸರಿನ ಕ್ಷುದ್ರಗ್ರಹಗಳೂ ಇವೆ. ಮೊರಿಯಾರ್ಟಿಯದು 5048, ಷರ್ಲಾಕನದು 5049. ಅಲ್ಲೂ ಬೆನ್ನು ಬಿಟ್ಟಿಲ್ಲ!

ಇನ್ನೊಂದು. ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ರೇಡಿಯೋ ಪತ್ರಿಕೆಗೆ ಲೇಖನ ಬರೆದರು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿಟ್ಟ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ, ಅಂಥ ಮೂರಿದ್ದರೆ ಬಹುಪಾಲು ಜಗತ್ತಿಗೆ ಪ್ರಸಾರ ಮಾಡಬಹುದು ಎಂದು. ಆಗಿನ್ನೂ ಒಂದೇ ಒಂದು ಉಪಗ್ರಹವೂ ಮೇಲೇರಿರಲಿಲ್ಲ! ಇಂದು ಆ ಕಕ್ಷೆಗೆ ಕ್ಲಾರ್ಕ್ ಕಕ್ಷೆ ಎಂಬ ಹೆಸರೂ ಇದೆ. ನಿಮ್ಮ ಮನೆ ಮೇಲಿನ ಟಿವಿ ಡಿಶ್ ಮುಖ ಮಾಡಿರುವುದು ಅದರತ್ತಲೇ. ಅಲ್ಲಿರುವ ಭಾರತದ ಉಪಗ್ರಹಗಳನ್ನು ಹಗಲಿರುಳು ನೋಡಿಕೊಳ್ಳುವ ಇಸ್ರೋ ಕೇಂದ್ರ ಇರುವುದೆಲ್ಲಿ ಗೊತ್ತೇ? ನಮ್ಮ ಹಾಸನದಲ್ಲಿ!