ಕಳ್ಳಿ: ಚಿತ್ರದಲ್ಲಿ ಒಂದು, ಬೇಲಿಯಲ್ಲಿ ಎರಡು

ಅಮೆರಿಕಾ ಅಥವಾ ಮೆಕ್ಸಿಕೋ ದೇಶಕ್ಕೆ ಹೋಗಿ ಬಂದವರು ನೆನಪಿಗೆಂದು ತರುವ ಸಾಮಾನುಗಳಲ್ಲಿ ಒಂದು ಚಿತ್ರ ಮೇಲಿಂದ ಮೇಲೆ ಕಾಣಸಿಗುತ್ತದೆ. ಬೀಗದ ಕೈ ಗೊಂಚಲು, ಚಹಾ ಬಟ್ಟಲು, ಪುಟ್ಟ ಚಮಚ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ, ಯಾವುದೇ ಇರಲಿ, ಅದರ ಮೇಲೆ ಕಂಬದಂತೆ ನಿಂತು ಎರಡು ತೋಳುಗಳನ್ನು ಮೇಲೆತ್ತಿದ ಹಸಿರು ಗಿಡವಿರುತ್ತದೆ. ನೋಡಿದವರು ಕೂಡಲೇ "ಇದು ನಮ್ಮ ಹೊಲದ ಬದುವಿನ ಕಳ್ಳಿ" ಎನ್ನುತ್ತಾರೆ. ಈ ಮಾತು ಅರ್ಧ ಸತ್ಯ, ಅರ್ಧ ತಪ್ಪು. ತಪ್ಪಾದ ಅರ್ಧದಿಂದ ಕಣ್ಣಿಗೂ ದನಕ್ಕೂ ಅಪಾಯವಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಚಿತ್ರದ ಗಿಡ ಯಾವುದು?

ಆ ಕಂಬದ ಗಿಡದ ಹೆಸರು ಸಗ್ವಾರೊ. ಇದು ಕ್ಯಾಕ್ಟಸ್ ಕುಟುಂಬಕ್ಕೆ ಸೇರಿದ್ದು. ಅಮೆರಿಕಾದ ಅರಿಜೋನಾ ರಾಜ್ಯ ಮತ್ತು ಅದಕ್ಕೆ ಹೊಂದಿದ ಮೆಕ್ಸಿಕೋದ ಸೊನೋರಾ ಮರುಭೂಮಿಯೇ ಇದರ ಮನೆ. ಮೊದಲ ಎಂಟು ವರ್ಷಗಳಲ್ಲಿ ಇದು ಬೆಳೆಯುವುದು ಸುಮಾರು ಒಂದೂವರೆ ಅಂಗುಲ ಮಾತ್ರ. ಮೊದಲ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಕೊನೆಗೆ 40 ಅಡಿ ಎತ್ತರವನ್ನೂ ಮುಟ್ಟಬಲ್ಲದು. 1931ರಲ್ಲಿ ಇದರ ಹೂವನ್ನು ಅರಿಜೋನಾದ ರಾಜ್ಯಪುಷ್ಪವನ್ನಾಗಿ ಮಾಡಲಾಯಿತು. ಆದರೆ ವ್ಯಾಪಾರದವರಿಗೆ ಇದರ ಆಕಾರವೊಂದೇ ಸಾಕು. ಈ ಗಿಡ ಹುಟ್ಟದ ಟೆಕ್ಸಾಸಿನ ಸಾಮಾನುಗಳ ಮೇಲೂ, ಕೆಲವೊಮ್ಮೆ ಆಫ್ರಿಕಾದ ಸಹಾರಾದ ಚಿತ್ರಗಳಲ್ಲೂ ಇದನ್ನು ಬರೆದುಬಿಡುತ್ತಾರೆ. ನಿಜಸಂಗತಿಯೇನೆಂದರೆ, ಮರಗಳ ಮೇಲೆ ಬೆಳೆಯುವ ಒಂದು ಸಣ್ಣ ಜಾತಿಯನ್ನು ಬಿಟ್ಟರೆ ಕ್ಯಾಕ್ಟಸ್‌ಗಳೆಲ್ಲವೂ ಅಮೆರಿಕಾ ಖಂಡಗಳ ಮೂಲದವು. ಸಹಾರಾಕ್ಕಾಗಲಿ ನಮ್ಮ ರಾಜಸ್ಥಾನದ ಥಾರ್ ಮರುಭೂಮಿಗಾಗಲಿ ಅವು ಮೂಲನಿವಾಸಿಗಳಲ್ಲ.

ಮೆಕ್ಸಿಕೋದ ನಾಣ್ಯ, ಬಾವುಟ ಹಾಗೂ ನೆನಪಿನ ಸಾಮಾನುಗಳ ಮೇಲೆ ಇನ್ನೊಂದು ಚಿತ್ರವಿದೆ. ಹದ್ದೊಂದು ಹಾವನ್ನು ಕಚ್ಚಿಕೊಂಡು ಚಪ್ಪಟೆ ಕಳ್ಳಿಯ ಮೇಲೆ ಕುಳಿತಿರುತ್ತದೆ. ಇದು ಆ ರಾಷ್ಟ್ರದ ಲಾಂಛನ. ಈ ಚಪ್ಪಟೆ ಕಳ್ಳಿಯೇ ನಮ್ಮ ಪಾಪಾಸುಕಳ್ಳಿಯ ಒಡಹುಟ್ಟು. ಪಾಪಾಸು ಎಂದರೆ ಪಾದರಕ್ಷೆ. ಗಿಡದ ತುಂಡುಗಳು ಅದೇ ಆಕಾರದಲ್ಲಿರುವುದರಿಂದ ಈ ಹೆಸರು.

ನೀರಿಲ್ಲದೆ ಹೇಗೆ ಬದುಕುತ್ತದೆ?

ಕ್ಯಾಕ್ಟಸ್‌ಗೆ ಎಲೆಯೇ ಮುಳ್ಳಾಗಿದೆ. ಆದ್ದರಿಂದ ನೀರು ಆವಿಯಾಗುವ ಜಾಗ ಕಡಿಮೆ. ಆಹಾರ ತಯಾರಿಸುವ ಎಲೆಯ ಕೆಲಸವನ್ನು ಹಸಿರು ಕಾಂಡ ವಹಿಸಿಕೊಂಡಿದೆ. ಉಳಿದ ಗಿಡಗಳು ಹಗಲು ಗಾಳಿ ಎಳೆದುಕೊಂಡರೆ, ಇದು ತಂಪಾದ ರಾತ್ರಿಯಲ್ಲಿ ತನ್ನ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿ ಸಂಗ್ರಹಿಸಿ, ಹಗಲು ಬಾಗಿಲು ಮುಚ್ಚಿಕೊಂಡು ಕೆಲಸ ನಡೆಸುತ್ತದೆ. ಬೇರುಗಳು ಮೇಲ್ಮಣ್ಣಿನಲ್ಲೇ ಅಗಲವಾಗಿ ಹರಡಿ ಸಣ್ಣ ಮಳೆಯನ್ನೂ ಹೀರುತ್ತವೆ. ಸಗ್ವಾರೊದ ಮೈಮೇಲಿನ ಮಡಿಕೆಗಳು ಮಳೆ ಬಂದಾಗ ಹಾರ್ಮೋನಿಯಂ ತಿದಿಯಂತೆ ಅರಳಿ ನೀರು ತುಂಬಿಕೊಳ್ಳುತ್ತವೆ.

ನಮ್ಮ ಬೇಲಿಯ ಎರಡು ಕಳ್ಳಿಗಳು

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಮ್ಮ ಕೆ.ಟಿ. ದೊಡ್ಡಿ, ಗದ್ವಾಲ್ ಸೀಮೆಯಲ್ಲೂ, ಹೊಳೆಯಾಚೆಯ ಮಕ್ತಲ್, ನಾರಾಯಣಪೇಟೆಯ ಕಡೆಯೂ, ಪಕ್ಕದ ರಾಯಚೂರಿನಲ್ಲೂ ನೆಲ ಒಣ ನೆಲವೇ. ಇಂಥ ಕಡೆ ಬೇಲಿಗೆ ಕಳ್ಳಿ ನೆಡುವುದು ಹಳೆಯ ವಾಡಿಕೆ. ಆದರೆ ಕಳ್ಳಿ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಕುಟುಂಬಗಳನ್ನು ಕರೆಯುತ್ತೇವೆ. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಚದುರಗಳ್ಳಿ, ಎಲೆಗಳ್ಳಿ, ಪೆನ್ಸಿಲಿನಂಥ ಕಡ್ಡಿಗಳ ಕಳ್ಳಿ ಇವು ಹಾಲುಗಳ್ಳಿಗಳು. ಹರಳು ಗಿಡದ ಕುಟುಂಬದವು. ಒಂದೇ ಬಗೆಯ ಬರಗಾಲವನ್ನು ಎದುರಿಸಿ ಎದುರಿಸಿ ಎರಡೂ ಕುಟುಂಬಗಳು ಒಂದೇ ಬಗೆಯ ಆಕಾರ ತಳೆದಿವೆ, ಅಷ್ಟೇ.

ಗುರುತು ಹಿಡಿಯುವುದು ಸುಲಭ. ದೂರದಿಂದ ಚೂಪಾದ ಕೋಲಿನಿಂದ ಚುಚ್ಚಿ ನೋಡಿ. ಬಿಳಿ ಹಾಲು ಸುರಿದರೆ ಅದು ಹಾಲುಗಳ್ಳಿ. ನೀರಿನಂಥ ಲೋಳೆ ಬಂದರೆ ಕ್ಯಾಕ್ಟಸ್. ಕ್ಯಾಕ್ಟಸ್‌ನ ಮುಳ್ಳುಗಳು ಸಣ್ಣ ಮೆತ್ತೆಯಂಥ ಚುಕ್ಕಿಯಿಂದ ಗುಂಪಾಗಿ ಏಳುತ್ತವೆ.

ಪಾಪಾಸುಕಳ್ಳಿ ನಮ್ಮ ದೇಶಕ್ಕೆ ಬಂದದ್ದು ಹೊರಗಿನಿಂದ. ಅದರ ಮೇಲೆ ಬದುಕುವ ಕಾಚಿನೀಲ್ ಎಂಬ ಕೀಟದಿಂದ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರಿಟಿಷರು 1795ರಲ್ಲಿ ಬ್ರೆಜಿಲ್‌ನಿಂದ ಕೀಟವನ್ನು ತರಿಸಿದರು. ಬಂದದ್ದು ಬೇರೆ ಜಾತಿಯ ಕೀಟ. ಬಣ್ಣದ ಆಸೆ ಕೈಗೂಡಲಿಲ್ಲ, ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ತಿಂದು ಮುಗಿಸುತ್ತಾ ಬಂತು. ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಹೊಲ, ಗೋಮಾಳಗಳನ್ನು ಆಕ್ರಮಿಸಿದಾಗ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಬಗೆಯ ಕಾಚಿನೀಲ್ ಕೀಟವನ್ನು ತಂದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಹಾವಳಿ ಇಳಿಯಿತು. ಇಂದಿಗೂ ಪಾಪಾಸುಕಳ್ಳಿಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡು, ಒತ್ತಿದಾಗ ರಕ್ತದಂಥ ಕೆಂಪು ಬಂದರೆ ಅದು ಈ ಕೀಟವೇ.

ಮೇವಾಗಿ, ಆಹಾರವಾಗಿ

ಬರಗಾಲದಲ್ಲಿ ಪಾಪಾಸುಕಳ್ಳಿ ದನಕರುಗಳಿಗೆ ನೆರವಾಗುತ್ತದೆ. ಮುಳ್ಳುಗಳನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟು, ಸಣ್ಣಗೆ ಕತ್ತರಿಸಿ, ಜೋಳದ ಸೊಪ್ಪೆ ಅಥವಾ ಒಣ ಹುಲ್ಲಿನೊಂದಿಗೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಇದರಲ್ಲಿ ಸುಮಾರು 90 ಭಾಗ ನೀರೇ ಇರುವುದರಿಂದ ಹಾಗೂ ಸಸಾರಜನಕ ಕಡಿಮೆಯಾದ್ದರಿಂದ ಇದೊಂದನ್ನೇ ಹಾಕಿದರೆ ದನಗಳಿಗೆ ಭೇದಿಯಾಗಿ ಬಡವಾಗುತ್ತವೆ. ಮುಳ್ಳಿಲ್ಲದ ತಳಿಗಳೂ ಇವೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಇವನ್ನು ಬೆಳೆಸಿ ಪರೀಕ್ಷಿಸಿದೆ. ಹಾಲುಗಳ್ಳಿಯನ್ನು ಮಾತ್ರ ಎಂದೂ ಮೇವಾಗಿ ಹಾಕಬಾರದು.

ಪಾಪಾಸುಕಳ್ಳಿಯ ಕೆಂಪು ಹಣ್ಣಿನಲ್ಲಿ ಸಿ ಜೀವಸತ್ವವಿದೆ. ಆದರೆ ಹಣ್ಣಿನ ಮೇಲಿನ ಕೂದಲಿನಂಥ ಮುಳ್ಳನ್ನು ಪೂರ್ತಿ ತೆಗೆಯದೆ ಬಾಯಿಗಿಡಬಾರದು. ಬೀಜ ಗಟ್ಟಿಯಾದ್ದರಿಂದ ಬಹಳ ತಿಂದರೆ ಮಲಬದ್ಧತೆಯಾಗುತ್ತದೆ. ಈಗ ತೆಲಂಗಾಣ, ಕರ್ನಾಟಕಗಳ ರೈತರು ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣು ಕೂಡ ಕ್ಯಾಕ್ಟಸ್ ಕುಟುಂಬದ್ದೇ. ಈ ಕೆಂಪು ಹಣ್ಣುಗಳನ್ನು ತಿಂದ ಮೇಲೆ ಮೂತ್ರ ಕೆಂಪಾಗಬಹುದು; ಅದು ಹಣ್ಣಿನ ಬಣ್ಣ. ಹಣ್ಣು ಬಿಟ್ಟು ಎರಡು ದಿನವಾದರೂ ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಿ. ಕಳ್ಳಿ ರಸದಿಂದ ಸಕ್ಕರೆ ಕಾಯಿಲೆ ವಾಸಿ ಎಂದು ನಂಬಿ ಮಾತ್ರೆ ನಿಲ್ಲಿಸಬೇಡಿ.

ಪ್ರಥಮ ಚಿಕಿತ್ಸೆ

1. ಹಾಲುಗಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಿರಿ. ಎದೆಹಾಲು, ಹರಳೆಣ್ಣೆ ಹಾಕಬೇಡಿ, ಕಣ್ಣುಜ್ಜಬೇಡಿ. ನೋವು ಕೆಲವು ಗಂಟೆಗಳ ನಂತರ ಹೆಚ್ಚಾಗಬಹುದು, ದೃಷ್ಟಿಯೂ ಮಂಜಾಗಬಹುದು. ಆದ್ದರಿಂದ ಮೊದಲಿಗೆ ಉರಿ ಕಡಿಮೆಯೆನಿಸಿದರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.

2. ಹಾಲು ಚರ್ಮಕ್ಕೆ ತಾಗಿದರೆ ಸಾಬೂನು ಹಚ್ಚಿ ತೊಳೆಯಿರಿ. ಹಲ್ಲುನೋವಿಗೆಂದು ಬಾಯಿಗೆ ಹಚ್ಚಬೇಡಿ.

3. ಪಾಪಾಸುಕಳ್ಳಿಯ ದೊಡ್ಡ ಮುಳ್ಳನ್ನು ಚಿಮಟದಿಂದ ಕೀಳಿ. ಸೂಕ್ಷ್ಮ ಮುಳ್ಳು ಉಳಿದರೆ ಬಿಳಿ ಗೋಂದು ಸವರಿ, ಮೇಲೆ ತೆಳು ಬಟ್ಟೆಯಿಟ್ಟು, ಒಣಗಿದ ನಂತರ ಎಳೆದು ತೆಗೆಯಿರಿ. ಕಣ್ಣಿನ ಹತ್ತಿರ ಹೀಗೆ ಮಾಡಬಾರದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಬೇಲಿ ಕಡಿಯುವಾಗ ಕೈಗವಸು, ಕನ್ನಡಕ ಧರಿಸಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಮಕ್ಕಳನ್ನು ದೂರವಿಡಿ. ಮನೆಯ ಮಕ್ಕಳನ್ನು ಒಮ್ಮೆ ಹೊಲದ ಬದುವಿಗೆ ಕರೆದೊಯ್ದು ಹಾಲು ಬರುವ ಕಳ್ಳಿ ಯಾವುದು, ಬಾರದ ಕಳ್ಳಿ ಯಾವುದು ಎಂದು ತೋರಿಸಿಕೊಡಿ. ಬಟ್ಟಲಿನ ಮೇಲಿನ ಚಿತ್ರ ಇದನ್ನು ಕಲಿಸುವುದಿಲ್ಲ.