ರಸ್ತೆ ಮೋಜಣಿಯಲ್ಲಿ ಗುಣಪಟ್ಟಿಯೂ ಗುರುತುಸಂಖ್ಯೆಯೂ

ರಸ್ತೆ ಮೋಜಣಿಯ ತಂತ್ರಾಂಶದಲ್ಲಿ ಪ್ರತಿಯೊಂದು ಮೋರಿಗೂ ನಕ್ಷೆಯ ಮೇಲಣ ಸ್ಥಾನವಲ್ಲದೆ ಅಗಲ, ಬಗೆ, ಸ್ಥಿತಿ ಮೊದಲಾದ ಗುಣಲಕ್ಷಣಗಳುಂಟು. ಇವನ್ನು ಒಂದೊಂದಾಗಿ ತಿದ್ದುವುದಕ್ಕಿಂತ ಎಕ್ಸೆಲ್ ಹಾಳೆಯಲ್ಲಿ ಒಟ್ಟಿಗೆ ತುಂಬಿ, ಕ್ಯೂಜಿಐಎಸ್‌ನಂತಹ ತಂತ್ರಾಂಶದಲ್ಲಿ ನಕ್ಷೆಗೆ ಜೋಡಿಸುವುದು ಸುಲಭ. ಜೋಡಣೆಗೆ ಆಧಾರವಾಗಿರುವುದು ಎರಡೂ ಕಡೆ ಒಂದೇ ಆಗಿರುವ ಗುರುತುಸಂಖ್ಯೆ.

ತೊಡಕು ಇರುವುದೂ ಇಲ್ಲಿಯೇ. ಭಾರತದ ಹೆದ್ದಾರಿಗಳಲ್ಲಿ ಕಿಲೋಮೀಟರಿನ ಸಂಖ್ಯೆಯನ್ನೂ ಅದರೊಳಗಣ ಕ್ರಮಸಂಖ್ಯೆಯನ್ನೂ ಸೇರಿಸಿ ಮೋರಿಯನ್ನು 3/2 ಎಂದು ಗುರುತಿಸುವುದು ರೂಢಿ. ಎಕ್ಸೆಲ್ ಇದನ್ನು ದಿನಾಂಕವೆಂದು ಬಗೆಯುತ್ತದೆ. ಆಗ ಹೊಂದಾಣಿಕೆ ತಪ್ಪಿ, ನಕ್ಷೆಯಲ್ಲಿ ಆ ಮೋರಿಯ ಅಂಕಣಗಳು ಬರಿದಾಗುತ್ತವೆ. ಶಿಥಿಲವಾದ ಮೋರಿಯೊಂದು ದುರಸ್ತಿಯ ಪಟ್ಟಿಯಿಂದಲೇ ಜಾರಿಹೋಗಬಹುದು.

ಆದುದರಿಂದ ಗುರುತಿನ ಅಂಕಣವನ್ನು ತುಂಬುವ ಮೊದಲೇ ‘ಪಠ್ಯ’ವೆಂದು ನಿಗದಿಪಡಿಸತಕ್ಕದ್ದು, ತುಂಬಿದ ಮೇಲೆ ಬದಲಿಸಿದರೆ 3/2ರ ಬದಲು ಐದಂಕಿಯ ಸಂಖ್ಯೆಯೊಂದು ಕಾಣಿಸಿಕೊಳ್ಳುವುದು. ಜೋಡಣೆಯ ಬಳಿಕ ಬರಿದಾಗಿ ಉಳಿದ ಸಾಲುಗಳನ್ನು ಎಣಿಸಿ ನೋಡುವುದೂ ಅವಶ್ಯ.